ನಡುವಿನ ಬೊಟ್ಟು

"ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?" ಎಂದು ಶಾಂಭವಿ ಕೇಳಿದಳು.

ಅವಳು ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ಎರಡು ವರ್ಷಗಳಿಂದ ಸಂಜೆ ಹೊತ್ತು ಗುರುಗಳ ಬಳಿ ಕಂಬದ ಆಟವನ್ನೂ ಸೂರಿನಿಂದ ಇಳಿಬಿಟ್ಟ ಬಟ್ಟೆಯ ಮೇಲಿನ ಕಸರತ್ತನ್ನೂ ಕಲಿಯುತ್ತಿದ್ದಳು. ಅಂದು ಮೊದಲ ಬಾರಿಗೆ ಬಟ್ಟೆಯನ್ನು ಕಾಲಿಗೆ ಸುತ್ತಿಕೊಂಡು, ಎರಡೂ ಕೈ ಬಿಟ್ಟು, ತಲೆಕೆಳಗಾಗಿ ತೂಗಿದ್ದಳು.

"ಇದರಿಂದ ನನಗೆ ಬಡ್ತಿ ಸಿಗುವುದಿಲ್ಲ, ಪದಕವೂ ಬರುವುದಿಲ್ಲ. ಹವ್ಯಾಸ ಹವ್ಯಾಸದ ಹಾಗೆ ಇರಲಿ, ಇಷ್ಟಕ್ಕೇ ಬೀಗಬೇಡ ಎನ್ನುತ್ತಾರೆ ಮನೆಯವರು. ಆದರೂ ನನಗೆ ಎದೆಯುಬ್ಬುತ್ತದೆ. ಇದು ಜಂಭವೇ?"

ಗುರುಗಳು ಕೈಗೆ ಮೆತ್ತಿದ್ದ ಹರಳೆಣ್ಣೆಯನ್ನು ಪಂಚೆಯ ಚುಂಗಿಗೆ ಒರೆಸಿಕೊಂಡರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೆ ಬೀಗಬೇಕೆನಿಸಿದರೆ ಬೀಗು, ಬೇಡವೆನಿಸಿದರೆ ಬಿಡು" ಎಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಂದು ಗರಡಿ ಇತ್ತು. ಹೆಣ್ಣುಮಕ್ಕಳಿಗೂ ಮಲ್ಲಕಂಬ ಕಲಿಸಬೇಕೆಂದು ಅಲ್ಲಿ ವಿದ್ಯೆ ಹೇಳಿಕೊಡುವ ವಸ್ತಾದನಿಗೆ ಮನಸ್ಸಾಯಿತು. ಆದರೆ ಹಳೆಯ ಕಂಬ ಸೀಳು ಬಿಟ್ಟಿತ್ತು. ಆಗ ಒಬ್ಬ ಕಟ್ಟಿಗೆ ವರ್ತಕ ತನ್ನ ಅಡ್ಡೆಯಿಂದ ಒಂದು ಒಳ್ಳೆಯ ಸಾಗುವಾನಿ ತೊಲೆ ಕಳಿಸಿಕೊಟ್ಟ. ಅದನ್ನು ಕೆತ್ತಿ, ನುಣುಪು ಮಾಡಿ, ಎರಡಾಳೆತ್ತರದ ಹೊಸ ಕಂಬ ನೆಟ್ಟರು.

ವರ್ತಕ ಕೊಟ್ಟದ್ದು ದೊಡ್ಡ ಮನಸ್ಸಿನಿಂದಲೇ. ಅದನ್ನು ಅಲ್ಲಗಳೆಯಬಾರದು. ಆದರೆ ಕಂಬ ಕೊಟ್ಟವನಿಗೆ ಕಂಬದ ವಿದ್ಯೆಯೂ ತನ್ನದೇ ಎಂಬ ಭ್ರಮೆ ಹತ್ತಿತು. ಅವನು ಹುಟ್ಟಿದಾಗಿನಿಂದ ಒಂದು ಪೇರಲ ಗಿಡವನ್ನೂ ಹತ್ತಿದವನಲ್ಲ. ಆದರೂ ದಿನಾ ಬಂದು, ಕುರ್ಚಿ ಹಾಕಿಸಿಕೊಂಡು ಕೂತು, ಹೀಗೆ ಹಿಡಿ, ಹಾಗೆ ಹಿಡಿ ಎಂದು ಹತ್ತುವವರಿಗೆಲ್ಲ ಹೇಳುತ್ತಿದ್ದ. ದಡದಲ್ಲಿ ಕೂತವನಿಗೆ ಈಜು ಬಹಳ ಸುಲಭ.

ಆ ಗರಡಿಗೆ ತನ್ನದೇ ಆದ ಒಂದು ಪದ್ಧತಿ ಇತ್ತು. ಕಂಬದ ತಲೆ ಮುಟ್ಟಿದವರು ಹನುಮಪ್ಪನ ಸಿಂಧೂರದ ಒಂದು ಬೊಟ್ಟನ್ನು ಕಿರುಬೆರಳಿನಿಂದ ಅಲ್ಲಿ ಇಡಬೇಕು. ಮೊದಲು ಹತ್ತಿದವರ ಬೊಟ್ಟು ನಡುವೆ. ಆಮೇಲೆ ಬಂದವರದು ಅದರ ಸುತ್ತ. ನೆಲದ ಮೇಲೆ ನಿಂತವರಿಗೆ ಕಂಬದ ತಲೆ ಕಾಣುವುದಿಲ್ಲ. ಕಂಬಕ್ಕೆ ಏಣಿ ಚಾಚುವುದು ನಿಷಿದ್ಧ. ಬೊಟ್ಟು ಇಟ್ಟೆನೆಂದು ಹೇಳಿಕೊಳ್ಳುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ಹೊಸ ಕಂಬದ ತಲೆ ಇನ್ನೂ ಬರಿದಾಗಿತ್ತು. ವರ್ತಕ ಎಲ್ಲರ ಮುಂದೆ ಸಾರಿದ: ಈ ಕಂಬದ ತಲೆಯನ್ನು ಮೊದಲು ಮುಟ್ಟಿದ ಹೆಣ್ಣುಮಗಳಿಗೆ ಪ್ರದರ್ಶನದ ದಿನ ನಾನೇ ಶಾಲು ಹೊದಿಸುತ್ತೇನೆ, ಅವಳ ಹೆಸರನ್ನು ಗರಡಿಯ ಬಾಗಿಲ ಮೇಲೆ ಬರೆಸುತ್ತೇನೆ.

ಹನ್ನೊಂದು ಮಂದಿ ಹೆಣ್ಣುಮಕ್ಕಳು ಕಲಿಯಲು ಬಂದರು. ಅವರಲ್ಲಿ ಒಬ್ಬಳು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ವಯಸ್ಸು ನಲವತ್ಮೂರು. ಒಂದು ದಿನ ಗರಡಿಗೆ ಬುತ್ತಿ ಕೊಡಲು ಬಂದವಳು ಕಂಬ ನೋಡುತ್ತ ನಿಂತುಬಿಟ್ಟಳು. ಬೇಕೆನಿಸಿತು. ಯಾಕೆ ಎಂದು ಕೇಳಿದರೆ ಅವಳ ಬಳಿ ಕಾರಣವಿರಲಿಲ್ಲ. ಮೂವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಒಮ್ಮೆ ಮೇಲೆ ಹೋಗಬೇಕೆನಿಸಿದರೆ ಅದಕ್ಕೆ ಬೇರೆ ಕಾರಣ ಯಾಕೆ ಬೇಕು?

ಅವಳಿಗೆ ಬೇಗ ಬರಲಿಲ್ಲ. ಅಂಗೈಗಳನ್ನು ನಂಬಿದವಳು ಅವಳು. ಕಂಬವನ್ನೂ ಹಿಟ್ಟಿನ ಹಾಗೆ ಅಂಗೈಯಿಂದ ಬಡಿಯುತ್ತಿದ್ದಳು. ಜಾರಿ ಜಾರಿ ಕೆಳಗೆ ಬರುತ್ತಿದ್ದಳು. ಮೂರು ತಿಂಗಳಾದ ಮೇಲೆ ವಸ್ತಾದ ಹತ್ತಿರ ಬಂದು ಹೇಳಿದ:

"ಅವ್ವಾ, ಅದು ರೊಟ್ಟಿ ಅಲ್ಲ. ಬಡೀಬ್ಯಾಡ. ಮಗನ್ನ ಅವಚಿಕೊಂಡಂಗ ಅವಚಿಕೋ."

ಅಂದಿನಿಂದ ತೊಡೆ, ಮೊಣಕಾಲು, ತೋಳಿನ ಒಳಭಾಗ ಎಲ್ಲ ನೀಲಿಗಟ್ಟಿದವು. ಗಂಡ ಹೊಡೆದಿರಬೇಕೆಂದು ಓಣಿಯ ಹೆಂಗಸರು ಅವನಿಗೆ ಬೈದರು. ಪಾಪ, ಅವನು ಬೈಸಿಕೊಂಡು ಸುಮ್ಮನೆ ಹರಳೆಣ್ಣೆ ಕಾಸಿಕೊಟ್ಟ. ನೋಡು ತಾಯಿ, ಒಳ್ಳೆಯ ಗಂಡನ ಕತೆಯನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳಿದೆ.

ಖಾನಾವಳಿಯ ಒಲೆ ಹೊತ್ತಿಸುವ ಮೊದಲೇ ಅವಳು ಗರಡಿಗೆ ಬರುತ್ತಿದ್ದಳು. ಅವಳಿಗೆ ಬೇರೆ ಬಿಡುವಿರಲಿಲ್ಲ. ವಸ್ತಾದ ಅವಳ ಕೈಗೆ ಕೀಲಿ ಕೊಟ್ಟಿದ್ದ. ಪ್ರದರ್ಶನಕ್ಕೆ ಇನ್ನೂ ಐದು ದಿನವಿರುವಾಗ, ಒಂದು ಬೆಳಗ್ಗೆ, ಅವಳ ಕೈ ಇದ್ದಕ್ಕಿದ್ದಂತೆ ಮುಂದಿನ ಹಿಡಿತವನ್ನು ಹುಡುಕಿತು. ಹುಡುಕಿದರೆ ಕಂಬವೇ ಇರಲಿಲ್ಲ. ಕಂಬ ಮುಗಿದಿತ್ತು. ಅವಳು ಮೇಲಿದ್ದಳು.

ತೊಡೆಯಿಂದ ಕಂಬವನ್ನು ಬಿಗಿದು, ಎರಡೂ ಕೈ ಬಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಸಿಂಧೂರದ ಎಲೆ ಬಿಚ್ಚಿ ನಟ್ಟನಡುವೆ ಬೊಟ್ಟು ಇಟ್ಟಳು. ಸುತ್ತ ನೋಡಿದಳು. ಗರಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಗಟ್ಟಿಯಾಗಿ ನಕ್ಕಳು. ಆಮೇಲೆ ಇಳಿದು, ಕಂಬಕ್ಕೆ ಕೈ ಮುಗಿದು, ರೊಟ್ಟಿ ಬಡಿಯಲು ಹೋದಳು.

ಯಾರಿಗೂ ಹೇಳಲಿಲ್ಲ. ಹೇಳಬಾರದೆಂದಲ್ಲ. ಐದು ದಿನ ಕಳೆದರೆ ಎಲ್ಲರೆದುರೇ ಹತ್ತಬಹುದು, ಆಗ ಗಂಡನೂ ನೋಡುತ್ತಾನೆ ಎಂದುಕೊಂಡಳು.

ಪ್ರದರ್ಶನದ ದಿನ ಬಂತು. ವರ್ತಕ ದೊಡ್ಡ ದೊಡ್ಡವರನ್ನು ಕರೆಸಿದ್ದ. ಅವರ ಊಟವನ್ನು ಅದೇ ಖಾನಾವಳಿಗೆ ಹೇಳಿದ್ದ. ಅವಳು ನಸುಕಿನಿಂದ ಮುನ್ನೂರು ರೊಟ್ಟಿ ಬಡಿದು, ಮುಖ ತೊಳೆದುಕೊಂಡು, ನೇರ ಗರಡಿಗೆ ಬಂದಳು. ಕಂಬದ ಮುಕ್ಕಾಲು ಪಾಲು ಹತ್ತಿದಳು. ಅಲ್ಲಿ ತೋಳು ನಡುಗಿತು. ಸರ್ರನೆ ಜಾರಿ ನೆಲಕ್ಕೆ ಬಂದಳು.

ವರ್ತಕ ಕುರ್ಚಿಯಿಂದಲೇ ನಕ್ಕ. "ಏನವ್ವಾ, ಕುಣೀಲಾರದಾಕಿ ನೆಲ ಡೊಂಕು ಅಂದಳಂತ. ನೀ ಏನಂತಿ?"

ಜನ ಹೋ ಎಂದು ನಕ್ಕರು. ಅವಳು ಎದ್ದು ನಿಂತು ಸೆರಗಿನ ಮಣ್ಣು ಕೊಡವಿಕೊಂಡಳು. ತಲೆ ತಗ್ಗಿಸಲಿಲ್ಲ.

"ನೆಲಾನೂ ಸಮ ಐತ್ರಿ ಸಾವ್ಕಾರ್ರ, ಕಂಬಾನೂ ನೆಟ್ಟಗೈತಿ. ಇವತ್ತ ನನ್ನ ಕೈ ಸೋತಾವ್ರಿ" ಎಂದಳು. ಹೋಗಿ ತನ್ನ ಜಾಗದಲ್ಲಿ ನಿಂತಳು.

ಅವಳ ನಂತರ ಒಬ್ಬ ಕಾಲೇಜು ಹುಡುಗಿ ಹತ್ತಿದಳು. ಹಗುರ ಮೈ, ಗಟ್ಟಿ ಕಾಲು. ನೋಡನೋಡುತ್ತ ತಲೆ ಮುಟ್ಟಿದಳು. ಜನ ಚಪ್ಪಾಳೆ ಹೊಡೆದರು. ಹುಡುಗಿ ಬೆರಳಿಗೆ ಸಿಂಧೂರ ಹಚ್ಚಿಕೊಂಡು ಬಗ್ಗಿದವಳು ತಟಕ್ಕನೆ ನಿಂತಳು. ನಡುವಿನ ಜಾಗ ಖಾಲಿ ಇರಲಿಲ್ಲ.

ಅವಳು ಮೇಲಿನಿಂದ ಕೆಳಗೆ ನೋಡಿದಳು. ಎಲ್ಲರೂ ಮುಖವೆತ್ತಿ ಚಪ್ಪಾಳೆ ಹೊಡೆಯುತ್ತಿದ್ದರು. ರೊಟ್ಟಿಯವಳೊಬ್ಬಳು ಮಾತ್ರ ಚಪ್ಪಾಳೆ ಮರೆತು, ಗೊತ್ತಾಯಿತೇ ಎಂಬಂತೆ ಅವಳನ್ನೇ ನೋಡುತ್ತಿದ್ದಳು. ಹುಡುಗಿ ತನ್ನ ಬೊಟ್ಟನ್ನು ಪಕ್ಕದಲ್ಲಿ ಇಟ್ಟಳು. ಇಳಿದು ಬಂದು, ಶಾಲು ಹಿಡಿದು ನಿಂತಿದ್ದ ವರ್ತಕನನ್ನು ದಾಟಿ, ರೊಟ್ಟಿಯವಳ ಕಾಲಿಗೆ ಬಿದ್ದಳು.

ಒಳ್ಳೆಯ ಸಂಸ್ಕಾರ, ಹಿರಿಯರಿಗೆ ಗೌರವ ಕೊಡುತ್ತಾಳೆ ಎಂದು ಜನ ಮೆಚ್ಚಿಕೊಂಡರು. ವರ್ತಕನೂ ಮೆಚ್ಚಿಕೊಂಡ.

ಹುಡುಗಿ ಎದ್ದು ಎಲ್ಲರ ಕಡೆ ತಿರುಗಿ ಹೇಳಲು ಬಾಯಿ ತೆರೆದಳು. ರೊಟ್ಟಿಯವಳು ಅವಳ ಕೈ ಹಿಡಿದಳು. ಅವಳಿಗೆ ಆ ಶಾಲಿನ ಆಸೆ ಇರಲಿಲ್ಲವೆಂದು ತಿಳಿಯಬೇಡ. ಇತ್ತು. ಬಾಗಿಲ ಮೇಲೆ ತನ್ನ ಹೆಸರು ಓದುವ ಆಸೆಯೂ ಇತ್ತು. ಗಂಡ ಜನರ ಹಿಂದೆ ತುದಿಗಾಲಲ್ಲಿ ನಿಂತಿದ್ದ. ಈಗ ಒಂದು ಮಾತು ಆಡಿದರೆ ಸಾಕು, ನಕ್ಕವರೆಲ್ಲ ತಲೆ ತಗ್ಗಿಸುತ್ತಿದ್ದರು. ಅವಳು ಒಂದು ಗಳಿಗೆ ಕಂಬದ ತಲೆಯ ಕಡೆಗೆ ನೋಡಿದಳು. ಅವಳ ಮುಖ ಅರಳಿತು.

"ಹೊದ್ಕೋ ಮಗಳ. ನೀನೂ ಹತ್ತೀದಿ, ಪುಕ್ಕಟ ಅಲ್ಲ. ನಂದು ಎಲ್ಲಿರಬೇಕೋ ಅಲ್ಲಿ ಐತಿ" ಎಂದಳು.

ಹುಡುಗಿ ಅಳುತ್ತಲೇ ಶಾಲು ಹೊದ್ದುಕೊಂಡಳು. ರೊಟ್ಟಿಯವಳು ಗಂಡನ ಜೊತೆ ಮನೆಗೆ ಹೋದಳು. ಮದುವೆಯ ದಿನವೂ ಅವಳು ಅಷ್ಟು ನೆಟ್ಟಗೆ ನಡೆದಿರಲಿಲ್ಲವಂತೆ. ಇದು ಅವಳ ಗಂಡನೇ ಹೇಳಿದ ಮಾತು.

ಅವಳ ಮಾತು ವರ್ತಕನ ಕಿವಿಗೂ ಬಿದ್ದಿತ್ತು. ಜನ ಚದುರಿದ ಮೇಲೆ ಅವನು ವಸ್ತಾದನನ್ನು ಪಕ್ಕಕ್ಕೆ ಕರೆದು, ಮೇಲೆ ಅಂಥದ್ದೇನಿದೆ ಎಂದು ಕೇಳಿದ. ವಸ್ತಾದ ಕಂಬಕ್ಕೆ ಎಣ್ಣೆ ತೀಡುತ್ತಿದ್ದ. ತೀಡುವುದನ್ನು ನಿಲ್ಲಿಸದೆ, ಕಂಬ ನಿಮ್ಮದೇ ಅಲ್ಲವೇ, ಹತ್ತಿ ನೋಡಿ ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಾಂಭವಿಯ ಕಣ್ಣುಗಳು ಕೆಂಪಾಗಿದ್ದವು.

"ಅವಳದು ಜಂಭವಲ್ಲ ಎಂಬುದು ತಿಳಿಯಿತು" ಎಂದಳು. "ಆದರೆ ಅಷ್ಟು ಜನರ ಮುಂದೆ ನಕ್ಕನಲ್ಲ, ಆ ವರ್ತಕ! ಅವನಿಗೆ ತನ್ನ ತಪ್ಪು ಕೊನೆಗೂ ಗೊತ್ತಾಗಲೇ ಇಲ್ಲವೇ?"

"ಗೊತ್ತಾಯಿತು ತಾಯಿ, ಆದರೆ ಆ ನಡುವಿನ ಬೊಟ್ಟನ್ನು ಕಣ್ಣಾರೆ ನೋಡಲು ನನಗೆ ನಾಲ್ಕು ವರ್ಷ ಹಿಡಿಯಿತು" ಎಂದರು ಗುರುಗಳು.