ಕೋಟೆಮನೆಯವನು ಮುಟ್ಟದ ಬೆಲ್ಲ

ಒಂದಾನೊಂದು ಕಾಲದಲ್ಲಿ, ಅಂದ್ರೆ ತುಂಗಭದ್ರೆಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ಹೊಳೆ ದಾಟಬೇಕು ಅಂದ್ರೆ ರಾಜನಾದ್ರೂ ಅಂಬಿಗನ ಮುಖ ನೋಡಬೇಕಿದ್ದ ಕಾಲದಲ್ಲಿ, ಮೈಲಾರಿ ಅಂತ ಒಬ್ಬ ಅಂಬಿಗ ಇದ್ದನಂತೆ. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳು ಬಲು ಚೆಂದ, ನಡುವಿನವಳು ಬಲು ಮೆತ್ತಗೆ, ಕಿರಿಯವಳು ಹುಲಿಗೆಮ್ಮ ಬಲು ಹಟಮಾರಿ. ಚೆಂದದವಳಿಗೂ ಮೆತ್ತಗಿನವಳಿಗೂ ಬೇಗ ಗಂಡ ಸಿಕ್ಕಿದ. ಹಟಮಾರಿಗೆ ಹರಿಗೋಲು ಸಿಕ್ಕಿತು.

ಹೊದಿಕೆ ಸರಿಯಾಗಿ ಹೊದ್ಕೋ ಕೂಸೇ, ಕಾಲು ಹೊರಗೆ ಹಾಕಬೇಡ. ಹರಿಗೋಲು ಅಂದ್ರೆ ಬಿದಿರಿನ ದೊಡ್ಡ ಬುಟ್ಟಿ ಕಣೇ, ಕೆಳಗೆ ಎಮ್ಮೆ ಚರ್ಮ ಬಿಗಿದಿರೋದು, ಹುಟ್ಟು ಹಾಕಿದ್ರೆ ಬುಗುರಿ ಹಂಗೆ ತಿರುಗೋದು. ಅಪ್ಪನ ಮೊಣಕಾಲಿಗೆ ವಾತ ಹಿಡಿದಮೇಲೆ ಹುಲಿಗಿನೇ ಹುಟ್ಟು ಹಿಡಿದಳಂತೆ. ಹೆಣ್ಣು ಹುಟ್ಟು ಹಾಕಿದ್ರೆ ಹೊಳೆ ಮುನಿಯುತ್ತೆ ಅಂದರಂತೆ ಜನ. ಹೊಳೆನೂ ಹೆಣ್ಣೇ ಅಲ್ವಾ, ನಾವಿಬ್ಬರೂ ಮಾತಾಡ್ಕೊತೀವಿ, ನೀವು ಹತ್ತಿ ಕೂತ್ಕೊಳ್ಳಿ ಅಂದಳಂತೆ ಇವಳು. ಹೊಳೆ ಮುನೀಲಿಲ್ಲ. ಜನ ಹತ್ತಿ ಕೂತರು.

ಆ ದಡದಲ್ಲಿ ಒಂದು ಪದ್ಧತಿ ಇತ್ತಂತೆ. ಬಿಸಿಲಲ್ಲಿ ನಡೆದು ಬಂದವರು ಯಾರೇ ಆಗಲಿ, ಹರಿಗೋಲು ಹತ್ತೋ ಮೊದಲು ಅಂಬಿಗರ ಕೈಯಿಂದ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಬೆಲ್ಲ ಬಾಯಿಗೆ ಹಾಕ್ಕೊಂಡೇ ನೀರು ಕುಡಿಯಬೇಕು. ಬೆಲ್ಲ ಬಿಟ್ಟು ಬರೀ ನೀರು ಕುಡಿಯೋದು ಸಾವಿನ ಮನೆಯಲ್ಲಿ ಮಾತ್ರ. ಎರಡನ್ನೂ ಬೇಡ ಅಂದ್ರೆ, ನಿಮ್ಮ ಕೈಯಿಂದ ನಮಗೆ ಆಗಲ್ಲ ಅಂತ ಮುಖದ ಮೇಲೆ ಹೇಳಿದಂಗೆ.

ಆ ಊರ ದಿಬ್ಬದ ಮೇಲೆ ಕೋಟೆಮನೆ. ಅಲ್ಲಿ ಗೌಡ್ತಿ ಪಾರೋತಮ್ಮ. ಗಂಡ ಹೋದಮೇಲೆ ಊರೆಲ್ಲ ಅವಳ ಹುಬ್ಬಿನ ಕೆಳಗೇ ಇತ್ತಂತೆ. ಹೊಳೆಗೆ ಹರಿಗೋಲು ಇಳಿಸೋ ಹಕ್ಕು ಯಾರಿಗೆ ಅಂತ ಹೇಳೋದೂ ಅವಳೇ. ಅವಳ ಒಬ್ಬನೇ ಮಗ ಹಾಲಪ್ಪಗೌಡ, ಸೋದರಮಾವನ ಊರಲ್ಲಿ ಕೆಲವು ವರ್ಷ ಇದ್ದು ಆಗಷ್ಟೇ ವಾಪಸ್ ಬಂದಿದ್ದನಂತೆ.

ಬಂದವನು ಒಂದು ದಿನ ಆಳುಗಳನ್ನ ಕಟ್ಟಿಕೊಂಡು ಹೊಳೆ ಹತ್ತಿರ ಬಂದ. ಹರಿಗೋಲಲ್ಲಿ ಆಗಲೇ ಮೇಕೆ ಸಿದ್ದಜ್ಜಿ ಕೂತಿದ್ದಳು, ಪಕ್ಕದಲ್ಲಿ ಅವಳ ಮೇಕೆ. ಹುಲಿಗಿ ಅಂಚಲ್ಲಿ ಮಂಡಿಯೂರಿ ಹುಟ್ಟು ನೆಟ್ಟು ಹಿಡಿದಿದ್ದಳು. ಒಬ್ಬ ಆಳು ಕೂಗಿದನಂತೆ, ಏಯ್, ಎದ್ದು ನಿಲ್ಲೇ, ಕೋಟೆಮನೆ ದಣಿ ಬಂದವ್ರೆ! ಹುಲಿಗಿ ಕೂತಲ್ಲಿಂದಲೇ, ದಣಿಗಳಿಗೆ ಜಾಗ ಇದೆ, ಅವರೂ ಬಂದು ಕೂತ್ಕೊಳ್ಳಲಿ ಅಂದು ಬೆಲ್ಲದ ಕೈ ಮುಂದೆ ಚಾಚಿದಳು. ಅವನು ಆ ಬೆಲ್ಲ ನೋಡಿದ, ಮುಖ ಕಲ್ಲಾಯಿತು, ಬೇಡ ಅಂದ. ನೀರೂ ಬೇಡ ಅಂದ. ಆಮೇಲೆ ಆಳುಗಳ ಕಡೆ ತಿರುಗಿ, ಆ ಮೇಕೆಗಿರೋ ನಯ ಈ ಹುಡುಗಿಗಿಲ್ಲ ಅಂದು, ಹರಿಗೋಲು ಹತ್ತದೇ, ನೀರು ಇಳಿದಾಗ ಮಾತ್ರ ಬಂಡೆ ಮೇಲೆ ಕಾಲಿಟ್ಟು ದಾಟೋ ಮೇಲಿನ ಕಲ್ಲುಗಂಡಿ ಕಡೆ ನಡೆದೇ ಹೋದನಂತೆ.

ಹೊಳೆ ಮೇಲೆ ಮಾತು ಜಾರುತ್ತೆ ಕೂಸೇ, ಮೆಲ್ಲಗೆ ಅಂದ್ರೂ ಕೇಳುತ್ತೆ. ಹುಲಿಗಿಗೆ ಕೇಳಿಸ್ತು. ಸಂಜೆಯೊಳಗೆ ಒಂದು ಹಾಡು ಕಟ್ಟಿದಳು, ಬಟ್ಟೆ ಒಗೆಯೋ ಹೆಂಗಸರಿಗೆ ಹೇಳಿಕೊಟ್ಟಳು.

ಕೋಟೆ ಬಾಗಿಲು ದೊಡ್ಡದು, ಕೊರಳ ಬಾಗಿಲು ಸಣ್ಣದು,
ಅಂಬಿಗರ ಬೆಲ್ಲ ಇಳಿಯದು, ಅಯ್ಯೋ ಪಾಪ ಗೌಡಗೆ!

ಕಲ್ಲಿಗೆ ಬಟ್ಟೆ ಬಡಿದಾಗೆಲ್ಲ ಅದೇ ಹಾಡು. ಎರಡೂ ದಡದವರಿಗೆ ಬಾಯಿಪಾಠ ಆಯ್ತಂತೆ.

ಆಮೇಲೆ ಎರಡನೇ ಸಲ ಅವನು ಒಬ್ಬನೇ ಬಂದ. ಹೊಂಗೆ ಮರದ ಕೆಳಗೆ ನಿಂತು ಕೇಳಿದ, ಅವತ್ತು ನೀನ್ಯಾಕೆ ಎದ್ದು ನಿಲ್ಲಲಿಲ್ಲ?

ಅವತ್ತು ನೀವ್ಯಾಕೆ ಬೆಲ್ಲ ಮುಟ್ಟಲಿಲ್ಲ?

ಕೋಟೆಮನೆಯವರಿಗೆ ಕಾರಣ ಹೇಳೋ ರೂಢಿ ಇಲ್ಲ ಅಂದ.

ಅಂಬಿಗರಿಗೂ ಇಲ್ಲ ಅಂದಳು.

ಅವನಿಗೆ ನಗು ಬಂತಂತೆ. ಇವಳು ನಗಲಿಲ್ಲ, ಬೆಲ್ಲ ಚಾಚಿದಳು. ಅವನು ಮತ್ತೆ ಬೇಡ ಅಂದ. ಆದ್ರೂ ಅಲ್ಲಿಂದ ದಿನಾ ಬರೋನು, ಅದೇ ಮರದ ಕೆಳಗೆ ಕೂರೋನು, ಇವಳು ಗರ್ಭಿಣಿಯರ ಕೈ ಹಿಡಿದು ಇಳಿಸೋದು, ಕುರುಡರ ಹತ್ತಿರ ಏನೂ ತಗೊಳ್ಳದೇ ದಾಟಿಸೋದು, ಎಲ್ಲ ನೋಡೋನು. ಹುಲಿಗಿ ಆ ಕಡೆ ನೋಡ್ತಾನೇ ಇರಲಿಲ್ಲವಂತೆ. ಅವನು ಒಂದು ದಿನ ಬರದಿದ್ರೆ ಮಾತ್ರ, ಇವತ್ತು ಮರದ ಕೆಳಗೆ ಯಾರೂ ಇಲ್ಲ ಅಂತ ಅವಳಿಗೆ ಹೆಂಗೋ ಗೊತ್ತಾಗಿಬಿಡೋದು.

ಮೂರನೇ ಸಲ ಮಾತಿಗೆ ಅಂತ ಬಂದಾಗ, ಒಗೆಯೋ ಹೆಂಗಸರೆಲ್ಲ ನೋಡ್ತಿರುವಾಗಲೇ ಹತ್ತಿರ ಬಂದು ನಿಂತ. ನೋಡು ಹುಲಿಗಿ, ನಮ್ಮ ಮನೆ ಏನು, ನಿಮ್ಮ ಗುಡಿಸಲು ಏನು ಅಂತ ನಂಗೆ ಗೊತ್ತು. ಅವ್ವ ಅನ್ನ ಬಿಡ್ತಾಳೆ, ಊರು ನಗುತ್ತೆ, ಇಷ್ಟೆಲ್ಲ ಗೊತ್ತಿದ್ದೂ ನಿನ್ನ ಮದುವೆ ಆಗ್ತೀನಿ ಅಂದನಂತೆ. ಕೇಳಿದ್ಯಾ ಕೂಸೇ, ಹೆಣ್ಣು ಕೇಳೋ ಚೆಂದ ನೋಡು! ಉಪಕಾರ ಮಾಡೋನ ಥರ!

ಹುಲಿಗಿ ಬೆಲ್ಲದ ಕೈ ಚಾಚಿದಳು. ಮೊದಲು ಇದನ್ನ ತಿನ್ನಿ, ಆಮೇಲೆ ಮಾತು.

ಅವನ ಕೈ ಮೇಲೆದ್ದಿತು. ಹಂಗೇ ಕೆಳಗಿಳಿಯಿತು. ಈಗ ಆಗಲ್ಲ ಅಂದ. ಯಾಕೆ ಅಂತ ಹೇಳಲಿಲ್ಲ.

ನನ್ನ ಕೈಯ ಬೆಲ್ಲ ಆಗಲ್ಲ, ಕೈ ಮಾತ್ರ ಬೇಕಾ? ನಿಮ್ಮ ಕೋಟೆಗೆ ಚಿನ್ನದ ಸೂರಿದ್ರೂ ನಂಗೆ ಬೇಡ, ಹೋಗಿ ದಣಿ, ಅಂದುಬಿಟ್ಟಳಂತೆ. ಒಗೆಯೋರ ಕೈ ಕಲ್ಲ ಮೇಲೇ ನಿಂತುಹೋಯ್ತು.

ಅಪ್ಪ ಮೈಲಾರಿಗೆ ಸುದ್ದಿ ಮುಟ್ಟಿತು. ಕೋಟೆಮನೆಯವರಿಗೆ ಬೇಡ ಅಂದ್ಯಾ ಮಗಳೇ? ಅಂದೆ ಅಪ್ಪಾ. ಹಂಗಾದ್ರೆ ಹುಟ್ಟು ಒರೆಸಿ ಒಣಗೋಕೆ ಇಡು, ಇನ್ನು ಅದು ಬೇಕಾಗಲ್ಲ ಅಂದನಂತೆ.

ಅವನು ಅಂದಂಗೇ ಆಯ್ತು. ಗೌಡ್ತಿ ಮೇನೆ ಏರಿ ದಡಕ್ಕೆ ಬಂದಳು. ಮಗ ಅಂಬಿಗರವಳನ್ನ ಕೇಳಿದ ಅನ್ನೋದು ಅವಳಿಗೆ ಅಷ್ಟು ಸಂಕಟ ಅಲ್ಲವಂತೆ, ಅಂಬಿಗರವಳು ಅವನನ್ನ ಬೇಡ ಅಂದಳಲ್ಲ, ಅದು ಸಂಕಟ! ಅದು ಹೊಟ್ಟೆಯಲ್ಲಿ ಕೆಂಡ! ಅವನು ಕೇಳಲೇ ಇಲ್ಲ ಅಂತ ಈ ಜನರ ಮುಂದೆ ಹೇಳೇ, ರೇಷ್ಮೆ ಸೀರೆ ಕೊಡ್ತೀನಿ ಅಂದಳು. ಸೀರೆ ಉಟ್ಟು ಹುಟ್ಟು ಹಾಕೋಕಾಗಲ್ಲ ಅಮ್ಮಾರೆ ಅಂದಳು ಹುಲಿಗಿ. ನೀನೇ ಅವನ ಹಿಂದೆ ಬಿದ್ದಿದ್ದೆ ಅಂತ ಹೇಳು, ಕೆರೆ ಕೆಳಗಿನ ಗದ್ದೆ ಬರೆದುಕೊಡ್ತೀನಿ ಅಂದಳು. ಸುಳ್ಳು ಬಿತ್ತಿದ ಗದ್ದೆಯಲ್ಲಿ ಏನಮ್ಮ ಬೆಳೆಯುತ್ತೆ? ಗೌಡ್ತಿ ಮೂರನೇದು ಕೊಡೋ ಮಾತು ಆಡಲಿಲ್ಲ, ಕಿತ್ತುಕೊಳ್ಳೋ ಮಾತು ಆಡಿದಳು. ಹೇಳದಿದ್ರೆ ಈ ದಡದಲ್ಲಿ ನಿಮ್ಮ ಹರಿಗೋಲು ನೀರಿಗಿಳಿಯಲ್ಲ.

ಹುಲಿಗಿ ಅಪ್ಪನ ಮುಖ ನೋಡಿದಳು. ಅಪ್ಪ ಹೊಳೆ ನೋಡ್ತಿದ್ದ. ಆಮೇಲೆ ಎಲ್ಲರಿಗೂ ಕೇಳೋ ಹಂಗೆ ಹೇಳಿದಳಂತೆ, ಅವರು ಕೇಳಿದ್ದೂ ನಿಜ, ನಾನು ಬೇಡ ಅಂದದ್ದೂ ನಿಜ.

ಆಳುಗಳು ಹರಿಗೋಲನ್ನ ದಡಕ್ಕೆ ಎಳೆದು ಬೋರಲು ಹಾಕಿದರು. ಅದನ್ನ ಯಾರೂ ಮುಟ್ಟಬಾರದು ಅಂತ ಕಟ್ಟಪ್ಪಣೆ ಆಯ್ತು. ಆಚೆ ದಡದವರು ಆಚೆ, ಈಚೆಯವರು ಈಚೆ. ಮೈಲಾರಿ ಮನೆ ಒಲೆ ಒಂದು ಹೊತ್ತು ಹೊತ್ತಿದ್ರೆ ಒಂದು ಹೊತ್ತು ಇಲ್ಲ. ದೊಡ್ಡಕ್ಕ ಸೆರಗಲ್ಲಿ ರಾಗಿಹಿಟ್ಟು ಮುಚ್ಚಿಕೊಂಡು ತಂದು ಅತ್ತಳಂತೆ, ಒಂದು ಸುಳ್ಳು ಹೇಳಿದ್ರೆ ನಿಂಗೇನೇ ಖರ್ಚು? ಬಾಯಿಗೇನೂ ಖರ್ಚಿಲ್ಲ ಅಕ್ಕಾ, ಬೆನ್ನುಮೂಳೆಗೆ ಖರ್ಚು ಅಂದಳು ಹುಲಿಗಿ. ಹಟ ಅನ್ನು, ಸೊಕ್ಕು ಅನ್ನು, ಏನಾದ್ರೂ ಅನ್ನು. ಖಾಲಿ ಹೊಟ್ಟೆಯಲ್ಲಿ ಆ ಮಾತು ಆಡೋದು ಹುಡುಗಾಟ ಅಲ್ಲ, ತಿಳ್ಕೋ.

ಗೌಡನೇನೋ ಬೇಡ ಅನಿಸಿಕೊಂಡ ದಿನವೇ ಮಾವನ ಊರಿಗೆ ಹೋಗಿಬಿಟ್ಟಿದ್ದ. ಇಲ್ಲಿ ಹರಿಗೋಲು ಬೋರಲು ಬಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲವಂತೆ.

ಹಿಂಗಿರುವಾಗ ಒಂದು ಬೆಳಗ್ಗೆ ಮೇಕೆ ಸಿದ್ದಜ್ಜಿ ಬಂದು ಆ ಬೋರಲು ಹರಿಗೋಲಿಗೆ ಒರಗಿ ಕೂತು ಅಳೋಕೆ ಶುರು ಮಾಡಿದಳು. ಯಾಕಜ್ಜಿ? ಇವತ್ತು ನನ್ನ ತಂಗಿ ಚೌಡಿಯ ವರ್ಷದ ಎಡೆ ಕಣೇ. ಅವಳನ್ನ ಮಣ್ಣು ಮಾಡಿದ್ದು ಆಚೆ ದಡದಲ್ಲಿ, ಕಲ್ಲುಗಂಡಿಯಲ್ಲಿ ನೀರು ಏರಿದೆ, ಎಡೆ ಇಡೋ ಮಗ ಹೆಂಗೆ ದಾಟ್ತಾನೆ? ಚೌಡವ್ವಂಗೆ ಮಗ ಎಲ್ಲಿದ್ದ ಅಜ್ಜಿ ಅಂದಳು ಹುಲಿಗಿ. ಹಡೆದ ಮಗ ಸತ್ತ, ಹಾಲು ಕುಡಿಸಿದ ಮಗ ಇದಾನೆ, ಅಗೋ ನೋಡು ಅಂದಳಂತೆ ಅಜ್ಜಿ.

ಹೊಂಗೆ ಮರದ ಕೆಳಗೆ ಹಾಲಪ್ಪಗೌಡ, ತಲೆ ಮೇಲೆ ಎಡೆಯ ಮೊರ.

ಅಜ್ಜಿ ಹೇಳಿದಳು. ಪಾರೋತಮ್ಮಂಗೆ ಎದೆಹಾಲು ಬರಲಿಲ್ಲ, ಆಗ ಇವನನ್ನ ಉಳಿಸಿದ್ದು ಕೆಲಸದ ಚೌಡಿ. ದಿನಾ ಬೆಳಗ್ಗೆ ಅವನ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಡ್ತಿದ್ದಳು. ಅವನು ಮಾವನ ಊರಲ್ಲಿದ್ದಾಗ ಅವಳು ಸತ್ತಳು. ಆಳಿನ ಸಾವಿಗೆ ಎಂಥ ಸೂತಕ ಅಂತ ಗೌಡ್ತಿ ದೀಪ ಹಚ್ಚಿಸಲಿಲ್ಲ, ಮಗನಿಗೆ ಸುದ್ದಿನೂ ಕಳಿಸಲಿಲ್ಲ. ವಾಪಸ್ ಬಂದವನು ಚೌಡವ್ವ ಎಲ್ಲಿ ಅಂದ. ಗೊತ್ತಾದಮೇಲೆ, ವರ್ಷದ ಎಡೆ ಇಡೋ ತನಕ ಬೆಲ್ಲ ಮುಟ್ಟಲ್ಲ ಅಂತ ಅವಳ ಹೆಸರಲ್ಲಿ ಬಿಟ್ಟ. ಯಾರಿಗೂ ಹೇಳಬೇಡ, ಅವ್ವಂಗೆ ತಿಳಿದ್ರೆ ಎಡೆ ಇಡೋಕೂ ಬಿಡಲ್ಲ ಅಂದಿದ್ದ.

ಹುಲಿಗಿಯ ಕಿವಿ ಕಾದುಹೋಯ್ತಂತೆ. ನನಗೊಬ್ಬಳಿಗಾದ್ರೂ ಹೇಳಬಾರದಿತ್ತಾ ಅಜ್ಜಿ?

ನೀನೆಲ್ಲಿ ಕೇಳಿದೆ? ಹಾಡು ಕಟ್ಟೋದರಲ್ಲಿ ಇದ್ದೆ.

ಅಷ್ಟರಲ್ಲಿ ಗೌಡ ಬೋರಲು ಬಿದ್ದ ಹರಿಗೋಲು ನೋಡಿದ. ಯಾರು ಹಾಕಿದ್ದು ಅಂದ. ನಿಮ್ಮವ್ವ ಅಂದಳು ಹುಲಿಗಿ. ಅವನು ಮೊರ ಅಜ್ಜಿ ಕೈಗೆ ಕೊಟ್ಟ, ಬಗ್ಗಿದ, ಆ ಹರಿಗೋಲನ್ನ ಎತ್ತಿ ತಲೆ ಮೇಲೆ ಕವುಚಿಕೊಂಡ, ಅಂಬಿಗರು ಹೊರೋ ಹಂಗೇ. ಊರ ದಣಿ ಆಮೆ ಥರ ನೀರಿಗೆ ನಡೆದು ಹೋಗೋದನ್ನ ಒಗೆಯೋರು ನೋಡಿದರು, ಆಳುಗಳೂ ನೋಡಿದರು. ಯಾರಿಗೂ ತಡೆಯೋ ಧೈರ್ಯ ಬರಲಿಲ್ಲವಂತೆ.

ಹೊರಟರು. ಅಜ್ಜಿ, ಮೇಕೆ, ಗೌಡ, ಹುಲಿಗಿ. ನಡುಹೊಳೆಯಲ್ಲಿ ಚೌಡವ್ವನ ಮಣ್ಣಿನ ಗುಡ್ಡೆ ಕಾಣಿಸ್ತು. ಗೌಡ ಕೈ ಮುಗಿಯೋಕೆ ಎದ್ದು ನಿಂತ. ನಿಂತದ್ದೇ ತಡ, ಹರಿಗೋಲು ಒಂದು ಕಡೆ ವಾಲಿತು, ನೀರು ಒಳಗೆ ನುಗ್ಗಿತು, ಮೇಕೆ ಬ್ಯಾ ಅಂತು, ಅಜ್ಜಿ ಶಿವನೇ ಅಂದಳು. ಹುಲಿಗಿ ಅವನ ಪಂಚೆ ಹಿಡಿದು ಜಗ್ಗಿ, ಕೂತ್ಕೋ! ಅಂತ ಗದರಿದಳು. ದಣಿ ಮೇಕೆ ಪಕ್ಕ ಒದ್ದೆಯಲ್ಲಿ ದೊಪ್ಪನೆ ಕೂತ.

ಓ, ಅವತ್ತು ನೀನು ಏಳದೇ ಇದ್ದದ್ದು ಇದಕ್ಕಾ?

ಇದಕ್ಕೇ.

ಹೇಳಬಾರದಿತ್ತಾ?

ಬೆಲ್ಲದ ವಿಷಯ ನೀನು ಹೇಳಿದ್ಯಾ?

ಸಿದ್ದಜ್ಜಿ ಮೇಕೆಗೆ ಹೇಳಿದಳಂತೆ, ನೋಡೇ, ಎರಡೂ ಒಂದೇ ಮಣ್ಣಿನ ಮಡಕೆ.

ಆಚೆ ದಡದಲ್ಲಿ ಅವನು ಎಡೆ ಇಟ್ಟ, ಚೌಡವ್ವನ ಮಣ್ಣಿಗೆ ಹಣೆ ಮುಟ್ಟಿಸಿದ, ಚಿಕ್ಕ ಹುಡುಗನ ಹಂಗೆ ಅತ್ತ. ಆಮೇಲೆ ಹುಲಿಗಿ ಹತ್ತಿರ ಬಂದು ಅಂಗೈ ಚಾಚಿದ. ಹುಲಿಗಿ ತಕ್ಷಣ ಕೊಡಲಿಲ್ಲವಂತೆ. ತಾಳು, ಹಾಡು ಕಟ್ಟಿದ್ದು ನನ್ನ ತಪ್ಪು, ಅದನ್ನ ನಾನೇ ಎರಡೂ ದಡದಲ್ಲಿ ವಾಪಸ್ ತಗೊಳ್ತೀನಿ. ಕಾರಣ ನುಂಗಿಕೊಂಡು ಕೂತದ್ದು, ನಮ್ಮ ಗುಡಿಸಲು ಎಣಿಸಿ ಹೆಣ್ಣು ಕೇಳಿದ್ದು ನಿನ್ನ ತಪ್ಪು, ಅದನ್ನ ನೀನು ತಗೋ. ತಗೊಂಡೆ ಅಂದ. ಆಗ ಬೆಲ್ಲ ಇಟ್ಟಳು. ಅವನು ಕಣ್ಣು ಮುಚ್ಚಿ ತಿಂದ, ಚೊಂಬು ಎತ್ತಿ ನೀರು ಕುಡಿದ.

ಈಗ ಹೆಂಗೆ ಕೇಳಬೇಕು, ಹೇಳಿಕೊಡು ಅಂದ.

ಮನೆ, ಮನೆತನ ಬಿಟ್ಟು ಕೇಳು.

ಹುಲಿಗಿ, ಬರ್ತೀಯಾ?

ಬರ್ತೀನಿ. ಹುಟ್ಟು ಮಾತ್ರ ಬಿಡಲ್ಲ ಅಂದಳಂತೆ.

ಗೌಡ್ತಿ ಕುಣಿದಾಡಿದಳು, ಬಾಗಿಲು ಹಾಕಿಕೊಂಡಳು. ಕೇಳಿದ್ದು ನಾನು ಅವ್ವಾ, ಎರಡು ಸಲ ಕೇಳಿದೆ, ಎರಡನೇ ಸಲ ಒಪ್ಪಿದಳು ಅಂತ ಮಗ ಬಾಗಿಲ ಹೊರಗಿಂದಲೇ ಹೇಳಿದ. ಮದುವೆ ಆಚೆ ದಡದಲ್ಲಿ, ಚೌಡವ್ವನ ಕಣ್ಣೆದುರಿಗೆ ಅಂತ ನಿಶ್ಚಯ ಆಯ್ತು. ಊರೆಲ್ಲ ಸರದಿ ಮೇಲೆ ದಾಟಿತು, ದಾಟಿಸಿದ್ದು ಮದುಮಗಳೇ, ಬಾಸಿಂಗ ಕಟ್ಟಿಕೊಂಡೇ! ಕೊನೆಗೆ ದಡದಲ್ಲಿ ಉಳಿದದ್ದು ಗೌಡ್ತಿ, ಅವಳ ಹಿಂದೆ ಒಬ್ಬ ಆಳು, ಅಷ್ಟೇ. ಕಲ್ಲುಗಂಡಿಯಲ್ಲಿ ತುಂಬು ನೀರು, ಮೇನೆ ಹೋಗಲ್ಲ. ಒಬ್ಬನೇ ಮಗನ ಮದುವೆ. ನಿಂತಳು, ನಿಂತಳು, ಆಮೇಲೆ ನಡೆದು ಬಂದಳು. ಅವತ್ತು ಕೂಗಿದ್ದ ಅದೇ ಆಳು ಬಾಯಿ ತಪ್ಪಿ ಕೂಗಿಬಿಟ್ಟ, ಏಯ್, ಎದ್ದು ನಿಲ್ಲೇ!

ಹುಲಿಗಿ ಹುಟ್ಟು ನೆಟ್ಟು ಮಂಡಿಯೂರಿದ್ದವಳು ಏಳಲಿಲ್ಲ. ಅತ್ತೆ, ಬಂದು ಕೂತ್ಕೊಳ್ಳಿ ಅಂದು ಬೆಲ್ಲ ಚಾಚಿದಳು.

ಗೌಡ್ತಿ ಸೀರೆ ಎತ್ತಿ ಹಿಡಿದು ಹತ್ತಿದಳು, ಹರಿಗೋಲಿಂದ ಇಳಿಯದೇ ಉಳಿದಿದ್ದ ಸಿದ್ದಜ್ಜಿಯ ಮೇಕೆ ಪಕ್ಕ ಒದ್ದೆಯಲ್ಲೇ ಕೂತಳು, ಬೆಲ್ಲ ಬಾಯಿಗೆ ಹಾಕ್ಕೊಂಡಳು, ಮುಖ ಹಿಂಡಿದಳು. ಬೆಲ್ಲ ಹಳೇದು ಅಂದಳು.

ಹಳೇದೇ ಅತ್ತೆ, ನೀವು ಮೇನೆ ಏರಿ ಬಂದ್ರಲ್ಲ, ಅವತ್ತಿಂದ ನಿಮಗೋಸ್ಕರ ಎತ್ತಿಟ್ಟಿದ್ದೆ ಅಂದಳಂತೆ ಹುಲಿಗಿ, ಹುಟ್ಟು ಹಾಕ್ತಾ.

ಆಮೇಲೆ ಅವರು ಜಗಳ ಆಡ್ತಾ, ನಗ್ತಾ, ಚೆನ್ನಾಗಿ ಬಾಳಿದರು. ನಿಂಗೆ ಕಣ್ಣು ಎಳೀತಿದೆ ಅಲ್ವಾ? ನಾಳೆ ಯಾರಾದ್ರೂ ಎದ್ದು ನಿಲ್ಲು ಅಂದ್ರೆ, ಮೊದಲು ಯಾಕೆ ಅಂತ ಕೇಳು. ಯಾರಾದ್ರೂ ಬೇಡ ಅಂದ್ರೂ ಯಾಕೆ ಅಂತ ಕೇಳು. ಈಗ ಹರಿಗೋಲು ದಡ ಮುಟ್ಟಿತು, ಕತೆ ಮುಗೀತು, ಇಳಿದು ಮಲಗು.