ದೊರೆ ಬರ್ತಾರಂತೆ

ದೊರೆ ವೀರಮಲ್ಲನಿಗೆ ಒಂದು ಜಂಬ.

"ನನ್ನ ರಾಜ್ಯದ ಯಾವ ದಾರಿಯಲ್ಲಾದರೂ ಹೊರಡಿ. ಪಲ್ಲಕ್ಕಿಯಲ್ಲಿ ಮಜ್ಜಿಗೆ ಲೋಟ ಹಿಡಿದು ಕೂತರೆ ಒಂದು ಹನಿ ತುಳುಕೋದಿಲ್ಲ!"

ನಿಜವೇ. ಅವನು ಹೋದ ದಾರಿಯಲ್ಲಿ ಎಂದೂ ತುಳುಕಿರಲಿಲ್ಲ.

ಆ ಹೊತ್ತಿಗೆ ಕುಂಬಾರರ ಸಿದ್ದವ್ವ ಆಸ್ಥಾನಕ್ಕೆ ಬಂದಳು. ಸೆರಗು ಬಿಚ್ಚಿ ಒಡೆದ ಮಡಕೆ ಚೂರು ಸುರಿದಳು.

"ಬುದ್ಧೀ, ಸಂತೆಗೆ ಮಡಕೆ ಹೇರಿಕೊಂಡು ಹೊರಡ್ತೀನಿ. ತಲುಪೋ ಹೊತ್ತಿಗೆ ಗಾಡೀಲಿ ಇದೇ ಇರುತ್ತೆ. ನಮ್ಮ ಹೊಂಗೇಹಳ್ಳಿ ದಾರಿಗೆ ಒಂದಿಷ್ಟು ಮಣ್ಣು ಹಾಕಿಸಿ. ಇಲ್ಲದಿದ್ರೆ ಮಡಕೆ ಮಾಡೋ ತಿಗರಿ ಮಾರಿ ಕೂಲಿಗೆ ಹೋಗ್ಬೇಕು."

ದಾರಿಗಳಿಗೆ ಹಣ ಹಂಚುವವನು ಮಂತ್ರಿ ನಂಜಯ್ಯ. ಮೂಗು ಮುರಿದ.

"ದೊರೆ ಹೋಗೋ ದಾರಿಗೆ ಮೊದಲು ಹಣ. ಉಳಿದರೆ ಮಿಕ್ಕ ದಾರಿಗೆ."

"ಉಳಿದದ್ದುಂಟಾ ಸ್ವಾಮಿ?" ಅಂದ ವಿದೂಷಕ ಚೆನ್ನಿಗ.

"ಈವರೆಗೆ ಇಲ್ಲ."

ಚೆನ್ನಿಗ ದೊರೆಯ ಕಡೆ ತಿರುಗಿದ. "ಪ್ರಭು, ಹೊಂಗೇಹಳ್ಳಿ ಹಲಸು ತಿಂದಿಲ್ಲ ನೀವು. ಜೇನು! ಹುಣ್ಣಿಮೆಗೆ ಹೋಗೋಣವೇ?"

"ಆಗಲಿ" ಅಂದ ದೊರೆ. ಬಾಯಲ್ಲಿ ನೀರು.

ನಂಜಯ್ಯನಿಗೆ ಹಣೆಯಲ್ಲಿ ನೀರು.

ಹುಣ್ಣಿಮೆಯೊಳಗೆ ಹೊಂಗೇಹಳ್ಳಿ ದಾರಿಯ ಗುಂಡಿ ಮುಚ್ಚಿತು. ಜಲ್ಲಿ ಬಿತ್ತು. ಇಕ್ಕೆಲಕ್ಕೂ ಬಾಳೆಕಂಬ ಬೇರೆ.

ಪಲ್ಲಕ್ಕಿ ಹೊರಟಿತು. ದೊರೆಯ ಕೈಯಲ್ಲಿ ತುಂಬಿದ ಲೋಟ. ದಾರಿ ಕವಲೊಡೆದ ಕಡೆ ಚೆನ್ನಿಗ ಹೊರುವವರಿಗೆ ಹೇಳಿದ, "ಎಡಕ್ಕೆ ನಡೀರಪ್ಪ."

"ಅಯ್ಯೋ, ಅದು ಹುಣಸೇಕೊಪ್ಪದ ದಾರಿ ಕಣೋ!" ನಂಜಯ್ಯ ಕಿರುಚಿದ.

"ಅಲ್ಲೂ ಹಲಸಿದೆ ಸ್ವಾಮಿ."

ಮೊದಲ ಗುಂಡಿಗೆ ಮಜ್ಜಿಗೆ ಮೀಸೆಗೆ ಬಂತು. ಎರಡನೆಯದಕ್ಕೆ ಕಿರೀಟ ಕಣ್ಣಿಗೆ ಬಂತು. ಮೂರನೆಯದಕ್ಕೆ ದೊರೆಯೇ ಕಳ್ಳಿಬೇಲಿಗೆ ಬಂದ.

"ಏನೋ ಇದು, ಚೆನ್ನಿಗ!"

"ಪ್ರಭು, ನೀವು ಬರ್ತೀರಿ ಅಂದ ಕಡೆ ದಾರಿಯಾಯ್ತು. ನೀವು ಬಂದ ಕಡೆ ಗುಂಡಿ ಹಾಗೇ ಇದೆ. ನಮಗೆ ನೀವು ಬರೋದೇ ಬೇಡ. ಬರ್ತೀನಿ ಅಂತ ಊರೂರಲ್ಲಿ ಡಂಗುರ ಹೊಡೆಸಿ, ಅರಮನೇಲೇ ಇದ್ದುಬಿಡಿ."

ಮುಳ್ಳು ಕೀಳಿಸಿಕೊಳ್ಳುತ್ತಲೇ ದೊರೆ ನಕ್ಕ. ಹುಣಸೇಕೊಪ್ಪ ತಲುಪಿದ ಮೇಲೆ ತನ್ನ ಪಾಲಿನ ಹಲಸನ್ನು ಚೆನ್ನಿಗನಿಗೆ ಕೊಟ್ಟ. ಡಂಗುರವನ್ನೂ ಹೊಡೆಸಿದ. ದೊರೆ ಯಾವ ಊರಿಗೆ ಬರುವುದಿಲ್ಲ ಅಂತ ನಂಜಯ್ಯನಿಗೆ ತಿಳಿಯಲಿಲ್ಲ. ಎಲ್ಲ ಊರಿಗೂ ಹಣ ಹಂಚಿದ.

ಮುಂದಿನ ಸಂತೆಗೆ ಹೊರಟ ಸಿದ್ದವ್ವ ಅರಮನೆಗೂ ಒಂದು ಮಡಕೆ ತಂದಳು. ಒಂದು ಬಿರುಕಿಲ್ಲ.

"ಊರೆಲ್ಲ ಕಾಯ್ತಾ ಇದೆ ಬುದ್ಧೀ. ಯಾವಾಗ ಬರ್ತೀರಿ?"

ದೊರೆ ಚೆನ್ನಿಗನ ಮುಖ ನೋಡಿದ. ಮೀಸೆ ಒರೆಸಿಕೊಂಡ.

"ಬರ್ತಾನೇ ಇದ್ದೀನವ್ವ. ಸಾಯೋತನಕ ಬರ್ತಾನೇ ಇರ್ತೀನಿ!"