ಸಿಂಗ್ರಿ ಮೆತ್ತಿದ ಮಣ್ಣು

ಹತ್ರ ಬಂದು ಕೂತ್ಕೊಳ್ಳಿ, ಬಾಗ್ಲು ಮಾತ್ರ ಮುಚ್ಚಬೇಡಿ. ಚಳಿ ಆದ್ರೆ ಕಂಬಳಿ ಹೊದ್ಕೊಳ್ಳಿ. ಈ ಕತೆ ಹೇಳುವಾಗ ನಾನು ಬಾಗ್ಲು ಮುಚ್ಚೋಕೆ ಬಿಡಲ್ಲ, ಯಾಕೆ ಅಂತ ಕೊನೇಲಿ ನಿಮಗೇ ಗೊತ್ತಾಗ್ತದೆ. ಪೆದ್ದನ ಕತೆ ಅಂದ ತಕ್ಷಣ ಹಲ್ಲು ಕಿರೀತಾ ಬಂದಿದ್ದೀರಲ್ಲ, ನಗೋದಿದ್ರೆ ಮೊದಮೊದಲಲ್ಲೇ ನಕ್ಕುಬಿಡಿ. ಆಮೇಲೆ ನಕ್ಕರೆ ನಾನು ಎದ್ದು ಹೋಗ್ತೀನಿ.

ಮಂಜಿನಕೊಪ್ಪಲು ಅಂತ ಒಂದೂರು. ಬೆಟ್ಟದ ನೆರಳಲ್ಲಿರೋ ಊರು, ಚಳಿಗಾಲ ಬಂತಂದ್ರೆ ಹೊತ್ತು ನೆತ್ತಿಗೆ ಬಂದ್ರೂ ಮಂಜು ಬಿಡದು. ಅಲ್ಲಿ ನಿಂಗಾಜಮ್ಮ ಅಂತ ಒಬ್ಳು, ಅವಳಿಗೆ ಸಿಂಗ್ರಿ ಅಂತ ಒಬ್ಬ ಮಗ. ಆಳು ನೋಡಿದ್ರೆ ಗಟ್ಟಿಮುಟ್ಟು, ಮೈಗಳ್ಳ ಅಲ್ಲ, ಎದುರು ಮಾತಾಡೋನಲ್ಲ. ಆದ್ರೆ ಹೇಳಿದ್ದನ್ನ ಹೇಳಿದಂಗೇ ಮಾಡೋನು. ಹೇಳದೆ ಬಿಟ್ಟಿದ್ದು ಅವನ ತಲೆಗೆ ಹೋಗ್ತಾನೇ ಇರಲಿಲ್ಲ. ‘ಇಲ್ಲೇ ಕೂತಿರು’ ಅಂತ ಜಗಲಿ ಮುಂದೆ ಕೂರಿಸಿ ಅವ್ವ ಸಂತೆಗೆ ಹೋದ್ರೆ, ಮಳೆ ಹುಯ್ದ್ರೂ ಅಲ್ಲೇ ನೆನೀತಾ ಕೂತಿರೋನು. ಅವ್ವ ಬಂದು ಹಣೆ ಚಚ್ಕೊಳ್ಳೋಳು.

“ಎದ್ದು ಒಳಗೆ ಹೋಗೋಕೆ ಏನಾಗಿತ್ತಲಾ?”

“ನೀನು ಹೇಳಲಿಲ್ಲವಲ್ಲವ್ವ.”

“ಅಯ್ಯೋ ನನ್ನ ಕರ್ಮವೇ. ನಾನು ಕಣ್ಣು ಮುಚ್ಚಿದ್ರೆ ನಿನಗ್ಯಾರಲಾ ಹೇಳೋರು?”

ನಿಂಗಾಜಮ್ಮನ ಗಂಡ ಬದುಕಿದ್ದಾಗ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಕಟ್ಟೋ ಕೆಲ್ಸಕ್ಕೆ ಹೋಗ್ತಿದ್ದ. ಬ್ಯಾರನ್ ನೋಡಿದ್ದೀರಲ್ಲ? ಒಲೆ ಬಾಯಿ ಗೋಡೆಯಿಂದ ಆಚೆ, ಒಳಗಡೆ ಗೋಡೆ ಗುಂಟ ತಗಡಿನ ಕೊಳವೆ. ಹೊಗೆ ಕೊಳವೆ ಒಳಗೇ ಓಡಿ ಮಾಡಿನ ಮೇಲಿಂದ ಆಚೆ ಹೋಗ್ತದೆ, ಕಾವು ಮಾತ್ರ ಕೋಣೇಲಿ ಉಳೀತದೆ. ಅಂಥದ್ದೇ ಒಂದನ್ನ ಅವನು ಸ್ವಂತ ಮನೆಯ ಒಳಕೋಣೆಗೂ ಕಟ್ಟಿದ್ದ. ಊರೆಲ್ಲ ನಡುಗುವಾಗ ಆ ಕೋಣೆ ಕೋಳಿ ಕಾವಿಗೆ ಕೂತಂಗೆ ಬೆಚ್ಚಗಿರೋದು. ಅವನು ಹೋದಮೇಲೆ ಅದನ್ನ ಹಚ್ಚೋರಿಲ್ಲ, ಕೊಳವೇಲಿ ಮಸಿ ಕಟ್ತು, ಸಂದಿ ಬಿಟ್ಕೊಳ್ತು.

ಸಿಂಗ್ರಿಗೆ ಸಾಕವ್ವ ಅಂತ ಒಬ್ಳು ತಂಗಿ. ಹಿಂದೊಂದ್ಸಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ಲು. ಅದೂ ಇಂಥದ್ದೇ ಚಳಿ. ಹುಟ್ಟಿದ ಕೂಸು ಥಂಡಿ ಹಿಡಿದು, ತೊಟ್ಟಿಲ ಶಾಸ್ತ್ರ ಮಾಡೋಕೂ ಮುಂಚೆ ಹೋಗ್ಬಿಡ್ತು. ಅಂಥ ಮಗಳು ಈಗ ಮತ್ತೆ ತುಂಬಿದ ಬಸುರಿ, ಮತ್ತೆ ಅದೇ ಮಂಜು, ಅದೇ ಮನೆ. ನಿಂಗಾಜಮ್ಮನಿಗೆ ಅನ್ನ ಸೇರ್ತಿರಲಿಲ್ಲ. “ಈ ಕೂಸನ್ನ ಚಳಿಗೆ ಕೊಡಲ್ಲ. ನಿಮ್ಮಪ್ಪ ಕಟ್ಟಿದ ಒಲೇನ ಎಬ್ಬಿಸ್ತೀನಿ” ಅಂತ ಸೆರಗು ಬಿಗಿದ್ಲು. ಕೆಲ್ಸಕ್ಕೆ ಗಂಡಾಳು ಅಂತ ಇದ್ದೋನು ಇವನೊಬ್ನೇ.

“ಸಿಂಗ್ರಿ, ಕೊಳವೆ ಒಳಗಿರೋ ಮಸೀನೆಲ್ಲ ಕೆರೆದು ತೆಗಿ. ಒಂದು ಚೂರೂ ನೆಲಕ್ಕೆ ಚೆಲ್ಲಬೇಡ.”

“ಆಗಲಿ ಕಣವ್ವ.”

ಕೆರೆದ. ಚೆನ್ನಾಗೇ ಕೆರೆದ, ಕೊಳವೆ ಒಳಗೆ ಕೈ ಬಿಟ್ಟು ಭುಜದವರೆಗೂ ಕರ್ರಗಾದ. ಚೆಲ್ಲಬಾರದು ಅಂದಿದ್ಲಲ್ಲ ಅವ್ವ? ಸುತ್ತ ನೋಡಿದ. ಬಾಣಂತಿಗೆ, ಕೂಸಿಗೆ ಅಂತ ಒಗೆದು ಮಡಿಸಿಟ್ಟಿದ್ದ ಹಳೇ ಸೀರೆ ಗಂಟು ಕಾಣ್ತು. ಬಿಚ್ಚಿದ, ಮಸೀನೆಲ್ಲ ಅದ್ರಲ್ಲಿ ಸುರಿದ, ಭದ್ರವಾಗಿ ಗಂಟು ಕಟ್ಟಿ ತೊಟ್ಟಿಲಲ್ಲಿಟ್ಟ. ನಗಿ, ನಗಿ. ಈಗ ನಗಬಹುದು.

ನಿಂಗಾಜಮ್ಮ ಬಂದು ನೋಡಿದ್ಲು, ಪೊರಕೆ ಎತ್ತಿದ್ಲು.

“ಮಸಿ, ಬೂದಿ ಅನ್ನೋದನ್ನ ಮನೇಲಿ ಇಟ್ಕೊಂಡು ಪೂಜೆ ಮಾಡ್ತಾರೇನಲಾ? ಮನೆಯಿಂದ ದೂರ ತಗೊಂಡೋಗಿ ಸುರಿದು ಬರಬೇಕು!”

“ದೂರ ಸುರೀಬೇಕಾ? ಆಗಲಿ ಕಣವ್ವ.”

ಮಾರನೇ ದಿನ ನಿಂಗಾಜಮ್ಮ ಕೊಳವೆ ಸಂದಿಗೆಲ್ಲ ತಾನೇ ಮಣ್ಣು ಮೆತ್ತಿ, ಒಲೆ ಹೆಂಗೆ ಉರೀತದೆ ನೋಡೋಣ ಅಂತ ಎರಡು ಕೊರಡು ಹಾಕಿ ಬೆಂಕಿ ಹಚ್ಚಿದ್ಲು. ಚೆನ್ನಾಗೇ ಉರೀತು. ಉರಿದು ತಗ್ಗಿದ್ಮೇಲೆ, “ಬೂದಿ ತೆಗೀಲಾ” ಅಂದು ತಾನು ನೀರಿಗೆ ಹೋದ್ಲು. ಸಿಂಗ್ರಿ ಬೂದಿ ತೆಗೆದ. ಬೂದಿ ಅಡೀಲಿ ಕೆಂಡ ಕಣ್ಣು ಬಿಡ್ತಿತ್ತು. ಕೆಂಡದ ಬಗ್ಗೆ ಅವ್ವ ಏನೂ ಹೇಳಿರಲಿಲ್ಲ. ಹಳೇ ಬಾಂಡ್ಲೀಲಿ ಹೊತ್ಕೊಂಡು ದೂರ, ದೂರ ನಡೆದ. ಬಚ್ಚಲ ಗುಂಡಿ ತೀರಾ ಹತ್ರ ಆಯ್ತು ಅಂದ್ಕೊಂಡು ದಾಟಿದ, ತಿಪ್ಪೆನೂ ಹತ್ರ ಅಂದ್ಕೊಂಡು ದಾಟಿದ. ಸೂಲಗಿತ್ತಿ ಮುದ್ದವ್ವನ ಕಣ ಬಂತು, ಅಲ್ಲಿ ಹುಲ್ಲಿನ ಮೆದೆ. ಇದು ಸರಿಯಾಗಿ ದೂರ ಆಯ್ತು ಅಂತ ಮೆದೆ ಬುಡಕ್ಕೆ ಸುರಿದು ಬಂದ.

ಮೆದೆ ಹೊತ್ಕೊಂಡು ಉರೀತು. ಮುದ್ದವ್ವನ ಹಸುವಿಗೆ ವರ್ಷಕ್ಕೆ ಅಂತ ಇದ್ದ ಹುಲ್ಲದು. ಊರಿಗೆಲ್ಲ ಹೆರಿಗೆ ಮಾಡಿಸೋ ಮುದುಕಿ ಬೂದಿ ಮುಂದೆ ಕೂತು ಅತ್ಲು. ನಿಂಗಾಜಮ್ಮ ಹೋಗಿ ಅವಳ ಕೈ ಹಿಡ್ಕೊಂಡು, “ನಮ್ಮ ಹುಲ್ಲಲ್ಲಿ ಅರ್ಧ ಹೊರಿಸ್ತೀನಿ ಮುದ್ದಕ್ಕ, ನನ್ನ ಮಗಳ ಕೈ ಮಾತ್ರ ಬಿಡಬೇಡ” ಅಂತ ಬೇಡ್ಕೊಂಡ್ಲು. ಮನೆಗೆ ಬಂದು ಮಗನ ರಟ್ಟೆಗೆ ಎರಡು ಬಿಟ್ಲು.

“ಕೆಂಡಾನ ಹುಲ್ಲಿಗೆ ಹಾಕ್ತಾರೇನಲಾ ಹಾಳಾದೋನೆ? ಬಿಸಿ ಇರೋದು ಯಾವುದೇ ಕಂಡ್ರೂ ಮೊದ್ಲು ಅದರ ಮೇಲೆ ನೀರು ಸುರಿ!”

“ನೀರು ಸುರೀಬೇಕಾ? ಆಗಲಿ ಕಣವ್ವ.”

ಗೊತ್ತಾಯ್ತಲ್ಲ ಮುಂದೇನು ಅಂತ? ನಿಮಗೆ ಗೊತ್ತಾಗ್ತದೆ, ಅವಳಿಗೆ ಗೊತ್ತಾಗಬಾರದಿತ್ತಾ? ನನಗೆ ಕೋಪ ಬರೋದು ಅಲ್ಲೇ. ಯಾಕೆ ಅಂತ ಒಂದು ಮಾತು ಕೂರಿಸ್ಕೊಂಡು ಹೇಳಿದ್ರೆ ಆಗ್ತಿತ್ತೋ ಏನೋ. ಆದ್ರೆ ಗಂಡ ಇಲ್ಲದ ಮನೆ, ಹೊಲದ ಕೆಲ್ಸ, ತುಂಬಿದ ಬಸುರಿ ಮಗಳು, ಪೆದ್ದ ಮಗ. ಕೂತು ಹೇಳೋಕೆ ಅವಳಿಗೆ ಪುರುಸೊತ್ತೆಲ್ಲಿ?

ಸಾಕವ್ವನಿಗೆ ನೋವು ಕಾಣಿಸ್ತು. ಮುದ್ದವ್ವ ಬಂದ್ಲು, ಸಿಟ್ಟು ಅವಳ ಕಣ್ಣಲ್ಲಿತ್ತು, ಕೈ ಮಾತ್ರ ಕೆಲ್ಸ ಬಿಡಲಿಲ್ಲ. ಪಡಸಾಲೇಲಿ ಹೆರಿಗೆ, ಹೆತ್ತ ತಕ್ಷಣ ತಾಯಿ ಮಗೂನ ಒಳಕೋಣೆಗೆ ಸೇರಿಸೋದು ಅಂತ ಏರ್ಪಾಡು. ಒಲೆಗೆ ಬೆಂಕಿ ಬಿತ್ತು. ನಿಂಗಾಜಮ್ಮ ಮಗಳ ಸೊಂಟ ಹಿಡ್ಕೊಂಡೇ ಕೂಗಿದ್ಲು:

“ಸಿಂಗ್ರಿ, ಕೊಳವೆ ಬಿಸಿ ಆಯ್ತಾ ನೋಡು!”

ಸಿಂಗ್ರಿ ಮುಟ್ಟಿ ನೋಡಿದ. ಚುರ್ ಅಂತು. ಬಿಸಿ ಆಗಿತ್ತು. ಬಿಸಿ ಇರೋದು ಕಂಡ್ರೆ ಏನು ಮಾಡಬೇಕು? ಕೊಡ ಎತ್ತಿ ತಣ್ಣೀರು ಸುರಿದ. ಕೊಳವೆ ಢಮ್ ಅಂತು, ಸಂದಿ ಬಿಟ್ಕೊಳ್ತು, ಮೆತ್ತಿದ್ದ ಮಣ್ಣೆಲ್ಲ ಉದುರಿ ಬಿತ್ತು. ಕೋಣೆ ತುಂಬ ಹೊಗೆ, ನೆಲದ ತುಂಬ ನೀರು.

ಅದೇ ಹೊತ್ತಿಗೆ ಕೂಸು ಹುಟ್ತು. ಹೆಣ್ಣು ಕೂಸು. ಕೋಣೆಗೆ ಸೇರಿಸೋ ಹಂಗಿಲ್ಲ, ಪಡಸಾಲೇಲಿ ಕೊರೆಯೋ ಚಳಿ. ಕೂಸಿನ ತುಟಿ ನೀಲಿಗೆ ತಿರುಗ್ತು. ಸಾಕವ್ವ ಅಳಲಿಲ್ಲ, “ಇದೂ ಹೋಗ್ತದಾ ಅವ್ವ?” ಅಂತ ಮೆಲ್ಲಗೆ ಕೇಳಿದ್ಲು. ನಿಂಗಾಜಮ್ಮ ರವಿಕೆ ಬಿಚ್ಚಿ ಕೂಸನ್ನ ಬರೀ ಎದೆಗೆ ಅಪ್ಕೊಂಡು, ಮೇಲೆ ಕಂಬಳಿ ಹೊದ್ದು, ಬೆಳಗಾಗೋವರೆಗೂ ಹಂಗೇ ಕೂತಿದ್ಲು. ಬೆಳಿಗ್ಗೆ ಕೂಸು ಅತ್ತಾಗ ಮನೆಗೆ ಜೀವ ಬಂತು.

ಆಮೇಲೆ ಮಗನ್ನ ಕರೆದ್ಲು. ಹೊಡೆಯೋಕೂ ಶಕ್ತಿ ಇರಲಿಲ್ಲ ಅವಳಿಗೆ.

“ಮಣ್ಣು ಕಲಸು ಸಿಂಗ್ರಿ. ಎಲ್ಲೆಲ್ಲಿ ತೂತು ಕಾಣ್ತದೋ ಅಲ್ಲೆಲ್ಲ ಮೆತ್ತು. ಇರುವೆ ನುಸುಳೋ ಅಷ್ಟು ತೂತೂ ಬಿಡಬೇಡ. ಇದೊಂದನ್ನಾದ್ರೂ ಸರಿಯಾಗಿ ಮಾಡು ಮಗನೇ.”

“ಆಗಲಿ ಕಣವ್ವ.”

ಹುತ್ತದ ಮಣ್ಣು ತಂದ, ಸಗಣಿ ಸೇರಿಸಿ ತುಳಿದ, ಸಂಜೆವರೆಗೂ ಮೆತ್ತಿದ. ಅಪ್ಪನ ಕೈ ಅವನಿಗೆ ಬಂದಿತ್ತೋ ಏನೋ, ಒಂದೊಂದು ಸಂದೀನೂ ಸವರಿ ನುಣ್ಣಗೆ ಮಾಡಿದ. ನಿಂಗಾಜಮ್ಮ ಬಂದು ಕೊಳವೆ ಮೇಲೆಲ್ಲ ಕೈಯಾಡಿಸಿ ನೋಡಿದ್ಲು. “ಶಭಾಷ್ ನನ್ನ ಮಗನೇ” ಅಂದ್ಲು. ಹುಟ್ಟಿದಾಗಿಂದ ಅವನು ಆ ಮಾತು ಕೇಳಿದ್ದು ಅದೇ ಮೊದ್ಲು. ಉಣ್ಣುವಾಗಲೂ ಅದನ್ನೇ ಬಾಯಲ್ಲಿ ಹೇಳ್ಕೊಳ್ತಿದ್ದ. ಮಣ್ಣು ಒಂದಿಷ್ಟು ಆರಲಿ ಅಂತ ನಿಂಗಾಜಮ್ಮ ಆ ರಾತ್ರೀನೂ ಕೂಸನ್ನ ಎದೆ ಕಾವಲ್ಲೇ ಇಟ್ಕೊಂಡ್ಲು.

ಅಷ್ಟು ಖುಷಿಯಾದ್ಮೇಲೆ ಸುಮ್ನಿರೋದು ಹೆಂಗೆ? ಮಾರನೇ ಬೆಳಿಗ್ಗೆ ಎದ್ದೋನೇ ಉಳಿದ ತೂತುಗಳನ್ನ ಹುಡುಕ್ದ. ಒಳಕೋಣೆ ಕಿಟಕಿ ಸಂದಿ ಮೆತ್ತಿದ. ಗೋಡೆ ಬುಡದಲ್ಲಿ ಬೆಕ್ಕು ಓಡಾಡೋ ಕಂಡಿ ಇತ್ತು, ಹೊರಗಡೆಯಿಂದ ಮೆತ್ತಿದ. ಮಾಡು ಹತ್ತಿದ. ಅಲ್ಲಿ ಎಲ್ಲಕ್ಕಿಂತ ದೊಡ್ಡ ತೂತು ಕಾಣ್ತು, ಹೊಗೆ ಆಚೆ ಹೋಗೋ ಕೊಳವೆ ಬಾಯಿ. ಇರುವೆ ಏನು, ಇಲಿಯೇ ನುಸುಳಬಹುದು. ಎರಡು ಬುಟ್ಟಿ ಮಣ್ಣು ಹಿಡಿಸ್ತು ಅದಕ್ಕೆ.

ಇಲ್ಲಿಂದ ನಗಬೇಡಿ.

ಮುದ್ದವ್ವ ಬಂದು ಬಾಣಂತಿಗೆ, ಕೂಸಿಗೆ ಎಣ್ಣೆನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ ಹೋದ್ಲು. ನಿಂಗಾಜಮ್ಮ ಇಬ್ಬರನ್ನೂ ಒಳಕೋಣೆಗೆ ಕರ್ಕೊಂಡು ಹೋಗುವಾಗ ಮಗನಿಗೆ ಹೇಳಿದ್ಲು:

“ಒಲೆ ತುಂಬ ಸೌದೆ ಹಾಕಿ ಹಚ್ಚು. ಆಚೆಯಿಂದ ಚಿಲಕ ಹಾಕ್ಕೊಂಡು ಬಾಗ್ಲಲ್ಲೇ ಕೂತಿರು. ಕೂಸು ನೋಡೋಕೆ ಅಂತ ಊರೋರು ಬಂದು ಬಾಗ್ಲು ತೆಗೆದು ಗಾಳಿ ಬಿಡ್ತಾರೆ. ನಾನು ಕೂಗೋವರೆಗೂ ತೆಗೀಬೇಡ, ಯಾರು ಏನಂದ್ರೂ ತೆಗೀಬೇಡ.”

“ಆಗಲಿ ಕಣವ್ವ.”

ಸೌದೆ ಹಾಕಿ ಹಚ್ಚಿದ. ಹೊಗೆ ಒಲೆ ಬಾಯಿಂದಲೇ ವಾಪಸ್ ಬಂತು. ಅಯ್ಯೋ, ಇಲ್ಲೊಂದು ತೂತು ಬಿಟ್ಟಿದ್ದೆನಲ್ಲ ಅಂದ್ಕೊಂಡ. ಒಲೆ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಸುತ್ತ ಮಣ್ಣು ಮೆತ್ತಿದ. ಬಂದು ಚಿಲಕ ಹಾಕಿ ಬಾಗ್ಲಿಗೆ ಬೆನ್ನು ಕೊಟ್ಟು ಕೂತ.

ಒಳಗೆ ನಿಂಗಾಜಮ್ಮ ಬಾಣಂತಿ ತಲೆಗೆ ಸಾಂಬ್ರಾಣಿ ಹೊಗೆ ಹಾಕ್ತಿದ್ಲು. ಮೊದಲ ಹೊಗೆ ಅದರದ್ದೇ ಅಂದ್ಕೊಂಡ್ರು. ಒಲೆಯ ಹೊಗೆಗೆ ಮೇಲೆ ದಾರಿ ಇಲ್ಲ, ಹಿಂದೆ ದಾರಿ ಇಲ್ಲ. ಹಸಿ ಮಣ್ಣು ಕಾವಿಗೆ ಬಿರುಕು ಬಿಡ್ತು, ಹೊಗೆಯೆಲ್ಲ ಕೋಣೆಗೇ ಬಂತು. ಕೆಮ್ಮು ಶುರುವಾಯ್ತು. ಬಾಗ್ಲು ದಬದಬ ಅಂತ ಬಡಿದ ಸದ್ದು.

“ಅವ್ವ, ಕೂಗು. ಕೂಗಿದ್ರೆ ತೆಗೀತೀನಿ” ಅಂದ ಸಿಂಗ್ರಿ.

ಹೊಗೆ ಹಿಡಿದ ಗಂಟಲಲ್ಲಿ ಕೂಗೋದೆಲ್ಲಿಂದ? ಮತ್ತೆ ಬಡಿದ್ಲು.

“ಬಡಿದ್ರೆ ತೆಗಿ ಅಂತ ನೀನು ಹೇಳಿಲ್ಲವಲ್ಲವ್ವ.”

ಸಾಕವ್ವನ ಸೋತ ದನಿ ಬಂತು: “ಅಣ್ಣ, ಬಾಗ್ಲು ತೆಗಿ... ಅಣ್ಣ...”

“ನೀನಲ್ಲ ಕಣವ್ವ ಸಾಕಿ, ಅವ್ವ ಕೂಗಬೇಕು.”

ಅವ್ವ ತನ್ನನ್ನ ಪರೀಕ್ಷೆ ಮಾಡ್ತಿದ್ದಾಳೆ ಅಂದ್ಕೊಂಡಿದ್ದ ಅವನು. ಈ ಸಲ ಮಾತ್ರ ತಪ್ಪು ಮಾಡಬಾರದು, ನಿನ್ನೆ ಶಭಾಷ್ ಅಂದಿದ್ದಾಳೆ, ಇವತ್ತೂ ಅನ್ನಬೇಕು. ಬಡಿಯೋ ಸದ್ದು ಜೋರಾದಷ್ಟೂ ಅವನು ಬೆನ್ನು ಒತ್ತಿ ಒತ್ತಿ ಕೂತ. ಆಮೇಲೆ ಸದ್ದು ನಿಂತೋಯ್ತು. ಕೂಸು ಮಲಗಿರಬೇಕು ಅಂದ್ಕೊಂಡು ಅವನೂ ಸದ್ದಿಲ್ಲದೆ ಕೂತ.

ಮುದ್ದವ್ವ ಹೊಲದಿಂದ ವಾಪಸ್ ಬರುವಾಗ ಈ ಮನೆ ಮಾಡಿನ ಕಡೆ ನೋಡಿದ್ಲು. ಒಲೆ ಹಚ್ಚಿದ ಮನೆ, ಮೇಲೆ ಒಂದೆಳೆ ಹೊಗೆ ಇಲ್ಲ. ಓಡಿ ಬಂದ್ಲು. ಸಿಂಗ್ರಿ ಬಾಯ ಮೇಲೆ ಬೆರಳಿಟ್ಟು, “ಅವ್ವ ಇನ್ನೂ ಕೂಗಿಲ್ಲ” ಅಂದ. ಮುದ್ದವ್ವ ಅವನ ಕೂದಲು ಹಿಡಿದು ಪಕ್ಕಕ್ಕೆ ಎಳೆದು ಚಿಲಕ ತೆಗೆದ್ಲು.

ನಿಂಗಾಜಮ್ಮ ಬಾಗ್ಲಿಗೆ ಒರಗಿ ಬಿದ್ದಿದ್ಲು. ಉಸಿರಿರಲಿಲ್ಲ. ಅವಳ ಉಗುರೆಲ್ಲ ಕಿತ್ತೋಗಿತ್ತು, ಉಗುರು ಸಂದೀಲಿ ಮಣ್ಣು. ಬಾಗ್ಲು ಬಡಿಯೋಕೆ ಮುಂಚೆ ಅವಳು ಬೆಕ್ಕಿನ ಕಂಡಿಯ ಹಸಿ ಮಣ್ಣನ್ನ ಬೆರಳಲ್ಲೇ ಬಗೆದಿದ್ಲು. ಆ ತೂತಿಗೆ ಮುಖ ಕೊಟ್ಟು ಸಾಕವ್ವ ನೆಲಕ್ಕೆ ಬಿದ್ದಿದ್ಲು, ಕೂಸಿನ ಮೂಗು ತೂತಿನ ಬಾಯಲ್ಲಿತ್ತು. ಇಬ್ಬರೂ ಬದುಕಿದ್ರು. ಮೂರನೆಯವಳಿಗೆ ಆ ತೂತಲ್ಲಿ ಜಾಗ ಇರಲಿಲ್ಲ.

ಮಾಡಿನ ಮೇಲೆ ಮೆತ್ತಿದ ಮಣ್ಣು ಕಂಡ ಮುದ್ದವ್ವ ಸಿಂಗ್ರಿ ಭುಜ ಹಿಡಿದು ಅಲ್ಲಾಡಿಸಿದ್ಲು. ಬೈದ್ಲು, ಅತ್ಲು, ಮತ್ತೆ ಬೈದ್ಲು.

“ಒಳಗೆ ಮನುಷ್ಯರನ್ನಿಟ್ಟು ಎಲ್ಲ ಮುಚ್ಚಿದೆಯೇನೋ ಪಾಪಿ? ಏನೇ ಮುಚ್ಚಿದ್ರೂ ಗಾಳಿ ಆಡೋಕೆ ಒಂದು ತೂತು ಬಿಡಬೇಕು ಕಣೋ, ಒಂದು ತೂತು!”

“ಒಂದು ತೂತು ಬಿಡಬೇಕಾ?” ಅಂದ ಸಿಂಗ್ರಿ. ಅವ್ವನ ಕಡೆ ನೋಡಿದ. “ಆಗಲಿ ಕಣತ್ತೆ.”

ಅವರಲ್ಲಿ ಸುಡೋದಿಲ್ಲ, ಹೂಳೋದು. ಹೊಲದ ಬದೀಲಿ, ಗಂಡನ ಪಕ್ಕದಲ್ಲೇ ಗುಂಡಿ ತೋಡಿದ್ರು. ನಿಂಗಾಜಮ್ಮನ್ನ ಇಳಿಸಿದ್ರು. ಮೊದಲ ಹಿಡಿ ಮಣ್ಣು ಮಗ ಹಾಕಬೇಕು, ಮಗ ಎಲ್ಲಿ ಅಂತ ನೋಡಿದ್ರೆ ಅವನಿಲ್ಲ. ಸ್ವಲ್ಪ ಹೊತ್ತಿಗೆ ಬಂದ, ಹೆಗಲ ಮೇಲೆ ಒಳಕೋಣೆಯ ತಗಡಿನ ಕೊಳವೆ ಹೊತ್ಕೊಂಡು ಬಂದ. ಒಳಗಿನ ಮಸೀನೆಲ್ಲ ಕೆರೆದು ತೆಗೆದಿದ್ದ, ಮನೆಯಿಂದ ದೂರ ಸುರಿದು ಬಂದಿದ್ದ. ಗುಂಡಿಗಿಳಿದು ಅವ್ವನ ಮುಖದ ಹತ್ರ ಕೊಳವೆ ನಿಲ್ಲಿಸಿ, ಮೇಲಿನ ಬಾಯಿ ಆಕಾಶಕ್ಕೆ ಮಾಡಿ ಹಿಡ್ಕೊಂಡ.

“ಈಗ ಮುಚ್ಚಿ” ಅಂದ. “ಗಾಳಿ ಆಡೋಕೆ ಇದೊಂದು ಬಿಟ್ಟಿದ್ದೀನಿ.”

ಬೈಯೋಕೆ ಅವ್ವ ಇರಲಿಲ್ಲ. ಮುದ್ದವ್ವ ಸೆರಗಲ್ಲಿ ಮುಖ ಮುಚ್ಕೊಂಡು ಆಚೆ ತಿರುಗಿದ್ಲು. ಕೊಳವೆ ಸುತ್ತ ಮಣ್ಣು ಎಳೆದು ಮುಚ್ಚಿ ಜನ ಮನೆಗೆ ಹೋದ್ರು.

ಹೊತ್ತು ಇಳಿಯುವಾಗ ಸಾಕವ್ವ ಮುದ್ದವ್ವನ ಮಾತೂ ಕೇಳದೆ, ಕೂಸನ್ನ ಕಂಬಳೀಲಿ ಸುತ್ತಿ ಎತ್ಕೊಂಡು ಬಂದ್ಲು. ಸಿಂಗ್ರಿ ಮಣ್ಣಿನ ಗುಡ್ಡೆ ಪಕ್ಕ ಕೂತಿದ್ದ. ಕೊಳವೆ ಬಾಯಿಗೆ ಕಿವಿ ಕೊಟ್ಟು ಕೂತಿದ್ದ.

“ಬಾ ಅಣ್ಣ, ಒಂದು ತುತ್ತು ಉಣ್ಣು. ಮಂಜು ಬೀಳ್ತಾ ಐತೆ.”

“ನೀನು ಹೋಗು ಸಾಕಿ, ಕೂಸಿಗೆ ಥಂಡಿ” ಅಂದ ಸಿಂಗ್ರಿ, ಕಿವಿ ತೆಗೀದೆ. “ಅವ್ವ ಕೂಗ್ಲಿ, ತೆಗೆದು ಕರ್ಕೊಂಡು ಬರ್ತೀನಿ.”